ಬೇಯುವ ತನಕ ಮುಚ್ಚಳ ತೆಗೆಯಬೇಡಿ

ಹಿಂದಿನ ಭಾನುವಾರ ನಾವು ನಾಲ್ಕು ಜನ ಒಂದು ಮಡಕೆಯ ಮುಂದೆ ಮೂರು ಗಂಟೆ ಕಾದು ಕೂತಿದ್ದೆವು.

ಒಬ್ಬರು ಫಾರೆಸ್ಟರ್ ಸಾಹೇಬರು. ಇನ್ನೊಬ್ಬರು ಅವರ ಕೈಕೆಳಗೆ ಕಾಡು ಕಾಯುವ ವಾಚರ್, ಅವತ್ತಿನ ಮಟ್ಟಿಗೆ ಆರೋಪಿ. ಮೂರನೆಯವಳು ಆ ವಾಚರ್ ಹೆಂಡತಿ, ಒಲೆಯ ಯಜಮಾನಿ. ನಾಲ್ಕನೆಯವಳು ನಾನು.

ಇಷ್ಟಕ್ಕೆಲ್ಲ ಕಾರಣ ಯಾರು ಅಂತೀರಾ? ನಾನೇ. ನನ್ನ ಜೊತೆಗೆ ನಿಮ್ಮಲ್ಲೂ ಕೆಲವರು. (ಯಾರು ಅಂತ ಹೆಸರು ಹೇಳುವುದಿಲ್ಲ. ಓದುತ್ತಾ ಹೋದರೆ ನಿಮಗೇ ತಿಳಿಯುತ್ತದೆ.)

ಮೊದಲಿನಿಂದ ಹೇಳಿಬಿಡುತ್ತೇನೆ.

ನಾನು ತಾಳವಾಡಿ ಬೆಟ್ಟದ ಕಡೆಯವಳು. ಹುಟ್ಟಿದ್ದು ದೊಡ್ಡಗಾಜನೂರಿನಲ್ಲಿ, ಓದಿದ್ದು ಕನ್ನಡ ಶಾಲೆಯಲ್ಲಿ, ಈಗ ಇರುವುದು ಮೈಸೂರಿನಲ್ಲಿ ಒಂದು ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ. ನಮ್ಮೂರಿನ ಜಿಲ್ಲೆ ಈರೋಡು, ರಾಜ್ಯ ತಮಿಳುನಾಡು, ಮನೆಮಾತು ಕನ್ನಡ. ("ಹೌದಾ ಮೇಡಂ? ಮತ್ತೆ ಕನ್ನಡ ಇಷ್ಟು ಚೆನ್ನಾಗಿ ಹೇಗೆ ಬರುತ್ತೆ?" ಎಂದು ಕೇಳುವವರಿಗೆ ಉತ್ತರ ಕೊಡುವುದನ್ನು ನಾನು ಬಿಟ್ಟು ಬಹಳ ವರ್ಷಗಳಾದವು.)

ವರ್ಷಕ್ಕೊಂದು ಸಲ ತಾಳಮಲೆಗೆ ಹೋಗುತ್ತೇನೆ. ಅಲ್ಲಿ ನನ್ನ ದೊಡ್ಡಮ್ಮನ ಮಗಳು ಕೆಂಪಕ್ಕ ಇದ್ದಾಳೆ. ಅವಳ ಗಂಡ ಮಾದೇವ ಭಾವ ಕಾಡಿನ ಇಲಾಖೆಯಲ್ಲಿ ವಾಚರ್. ಇಪ್ಪತ್ತು ವರ್ಷದಿಂದ ತಾತ್ಕಾಲಿಕ. (ಇಪ್ಪತ್ತು ವರ್ಷ ನಡೆದದ್ದು ತಾತ್ಕಾಲಿಕ ಹೇಗಾಗುತ್ತದೆ ಎಂದು ನನ್ನನ್ನು ಕೇಳಬೇಡಿ.) ಆನೆ ಯಾವ ದಾರಿಯಲ್ಲಿ ಹೋಯಿತು, ಯಾವಾಗ ಹೋಯಿತು, ಮರಿ ಜೊತೆಗಿತ್ತೋ ಇಲ್ಲವೋ ಎಂಬುದನ್ನು ನೆಲ ನೋಡಿ ಹೇಳುವ ಮನುಷ್ಯ. ಮಾತು ಕಡಿಮೆ. ಊರಿನಲ್ಲಿ ಜೋರಾಗಿ ನಕ್ಕಿದ್ದನ್ನು ಕಂಡವರಿಲ್ಲ.

ನಾನು ಹೋಗುವುದು ಅಕ್ಕನನ್ನು ನೋಡಲು ಎಂದು ಹೇಳಿಕೊಳ್ಳುತ್ತೇನೆ. ನಿಜ ಹೇಳಬೇಕೆಂದರೆ ಹೋಗುವುದು ಅವಳ ಕೈಯ ಅವರೆಕಾಳು ಕೊರಬಾಡಿನ ಸಾರಿಗೆ.

ಕೊರಬಾಡು ಗೊತ್ತಲ್ಲ? ಒಣಗಿಸಿದ ಬಾಡು. ತಮಿಳಿನವರು ಉಪ್ಪುಕಂಡ ಎನ್ನುತ್ತಾರೆ. ಮಾರಿ ಹಬ್ಬದಲ್ಲಿ ಏಳು ಮನೆಯವರು ಸೇರಿ ಒಂದು ಆಡು ತರುತ್ತಾರೆ. ಕೊಯ್ದ ಮೇಲೆ ಊರ ಮುಂದೆಯೇ ಹುಲ್ಲಿನ ಬೆಂಕಿ ಹಾಕಿ ಕೂದಲು ಸುಟ್ಟು, ಚರ್ಮ ಸಮೇತ ತುಂಡು ಮಾಡಿ, ಎಲೆಯ ಮೇಲೆ ಏಳು ಗುಡ್ಡೆ ಹಾಕುತ್ತಾರೆ. ಪ್ರತಿ ಗುಡ್ಡೆಗೂ ಎಲ್ಲದರಲ್ಲೂ ಪಾಲು: ಒಂದಿಷ್ಟು ಈಲಿ (ಅಂದರೆ ಲಿವರ್), ಒಂದಿಷ್ಟು ಮೂಳೆ, ಒಂದಿಷ್ಟು ಚರ್ಮದ ತುಂಡು. ಆಮೇಲೆ ಹಿರಿಯರೊಬ್ಬರು ಗುಡ್ಡೆಗಳಿಗೆ ಬೆನ್ನು ಹಾಕಿ ನಿಲ್ಲುತ್ತಾರೆ. ಹಿಂದಿನಿಂದ ಒಬ್ಬ ಒಂದು ಗುಡ್ಡೆ ಮುಟ್ಟಿ "ಇದ್ಯಾರ್ಗೆ?" ಅಂತಾನೆ. ಅವರು ನೋಡದೆ ಒಂದು ಮನೆಯ ಹೆಸರು ಹೇಳುತ್ತಾರೆ. ಅಲ್ಲಿಗೆ ಮುಗಿಯಿತು. ದೊಡ್ಡದು ಬಂತು, ಸಣ್ಣದು ಬಂತು ಎಂಬ ಜಗಳಕ್ಕೆ ಜಾಗವೇ ಇಲ್ಲ. ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಹಂಚಿಕೆಗೆ ಇದನ್ನೇ ತರೋಣ ಎಂದು ನಾನು ಒಂದು ಸಲ ಮೀಟಿಂಗಿನಲ್ಲಿ ಹೇಳಿದ್ದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ಗುಡ್ಡೆಯಲ್ಲಿ ಅರ್ಧವನ್ನು ಅವತ್ತೇ ಉಂಡು, ಉಳಿದದ್ದಕ್ಕೆ ಉಪ್ಪು, ಅರಿಸಿನ, ಖಾರ ಹಚ್ಚಿ, ದಾರಕ್ಕೆ ಪೋಣಿಸಿ, ಬಿಸಿಲಿಗೆ ಒಣಗಿಸಿ, ಒಲೆಯ ಮೇಲಿನ ಅಟ್ಟಕ್ಕೆ ಕಟ್ಟುತ್ತಾರೆ. ದಿನಾ ಹೊಗೆ ಕುಡಿದು ಕುಡಿದು ಅದು ಇದ್ದಿಲಿನ ಬಣ್ಣಕ್ಕೆ ಬರುತ್ತದೆ. ತಿಂಗಳುಗಟ್ಟಲೆ ಕೆಡುವುದಿಲ್ಲ. ಕೆಂಪಕ್ಕ ಪ್ರತಿ ವರ್ಷ ಒಂದು ಸರವನ್ನು ನನಗೆಂದೇ ಉಳಿಸಿರುತ್ತಾಳೆ.

ಶನಿವಾರ ಸಂಜೆ ನಾನು ಬ್ಯಾಗು ಇಳಿಸುವ ಮೊದಲೇ ಹೇಳಿದಳು: "ಬಾ ಕೂಸೆ, ನಿನ್ ಪಾಲು ಇನ್ನೂ ಅಟ್ಟದ್ಮೇಲೇ ಅದ. ಇದೊಂದೇ ಸರ ಉಳ್ದಿರೋದು. ಬೆಕ್ಕು ಮೂರು ಸಲ ನೆಗುದ್ಬುಡ್ತು, ಸಿಕ್ನಿಲ್ಲ."

ತಲೆ ಎತ್ತಿ ನೋಡಿದೆ. ಕೆಳಗೆ ಕೆಂಡ, ಮೇಲೆ ಮಸಿ ಹಿಡಿದ ಅಟ್ಟ, ನಡುವೆ ನೇತಾಡುವ ಕಪ್ಪು ಸರ. ಕಿಟಕಿಯಿಂದ ಸಂಜೆಯ ಬೆಳಕು ಬೇರೆ. ಫೋಟೋ ತೆಗೆಯದೆ ಇರಲಾಗುತ್ತದಾ? ತೆಗೆದೆ. ತೆಗೆದ ಮೇಲೆ ಫೇಸ್‌ಬುಕ್ಕಿಗೆ ಹಾಕದೆ ಇರಲಾಗುತ್ತದಾ?

ತಾಳಮಲೆಯಲ್ಲಿ ಸಿಗ್ನಲ್ ಸಿಗುವುದು ಊರಾಚೆಯ ದಿಬ್ಬದ ಮೇಲೆ ಮಾತ್ರ. ಮಂಡಿನೋವಿನ ಹೆಂಗಸು ನಾನು. ಅಂಥವಳು ದಿಬ್ಬ ಹತ್ತಿ, ಫೋನನ್ನು ಆಕಾಶಕ್ಕೆ ಹಿಡಿದು, ಒಂದು ಕಡ್ಡಿ ಸಿಗ್ನಲ್ ಬರುವವರೆಗೆ ಸುತ್ತಿ ಸುತ್ತಿ ಆ ಪೋಸ್ಟ್ ಹಾಕಿದೆ. ತಪ್ಪು ಮಾಡಲು ಇಷ್ಟು ಕಷ್ಟಪಟ್ಟವರನ್ನು ನೀವು ಕಂಡಿರಲಾರಿರಿ.

ಬರೆದದ್ದು ಹೀಗೆ: "ತಾಳಮಲೆಯಲ್ಲಿ ಕಾಡು ಕಾಯುವ ನಮ್ಮ ಭಾವನ ಮನೆ. ಒಲೆಯ ಮೇಲೆ ಏನು ನೇತಾಡುತ್ತಿದೆ ಹೇಳಿ ನೋಡೋಣ? ಸರಿಯಾಗಿ ಹೇಳಿದವರಿಗೆ ಒಂದು ತುತ್ತು!"

ಈ ಅಂಕಣ ಓದುವ ನೀವು ಅಲ್ಲೂ ಬಂದು ಹೇಳಿದಿರಿ. ಅಲ್ಲೇ ನಿಂತು ನೋಡುತ್ತಿದ್ದ ಹಾಗೆ ಹೇಳಿದಿರಿ. "ಕಡವೆ!" "ಜಿಂಕೆ ಪಕ್ಕಾ." "ಕಾಡುಹಂದಿ, ಬಣ್ಣ ನೋಡಿದರೆ ಗೊತ್ತಾಗಲ್ವಾ?" "ಕಾಡು ಕಾಯೋರ ಮನೇಲಿ ಇನ್ನೇನಿರುತ್ತೆ ಮೇಡಂ, ಹಿಹಿಹಿ." ಒಂದೊಂದರ ಜೊತೆಗೂ ನಾಲ್ಕು ನಗುವ ಮುಖ. ನಾನೂ ನಕ್ಕೆ. ಎಲ್ಲದಕ್ಕೂ ಹೃದಯ ಒತ್ತಿದೆ. "ಹತ್ತಿರ ಬಂದಿರಿ, ಇನ್ನೂ ಯೋಚಿಸಿ" ಎಂದು ಒಬ್ಬರಿಗೆ ಉತ್ತರವನ್ನೂ ಕೊಟ್ಟೆ. ಕತ್ತಲಾಗುತ್ತದೆ, ಆನೆ ಬರುವ ಹೊತ್ತು ಎಂದು ಇಳಿದು ಬಂದೆ.

ಬುದ್ಧಿವಂತೆ!

ಭಾನುವಾರ ಬೆಳಗ್ಗೆ ಭಾವ ಡ್ಯೂಟಿಗೆ ಹೋದ ಮೇಲೆ ಅಕ್ಕ ಒಲೆ ಹಚ್ಚಿದಳು. ರಾತ್ರಿಯೇ ನೆನೆಹಾಕಿದ್ದ ಅವರೆಕಾಳು, ಅವಳ ಹೊಲದ್ದು, ಹಂದಿ ಬಿಟ್ಟು ಉಳಿಸಿದ್ದು. ಹೋದ ವರ್ಷದ ಕಾಳಾದ್ದರಿಂದ ಬೇಯುವುದು ನಿಧಾನ. ಕೊರಬಾಡನ್ನು ಬಿಸಿನೀರಿನಲ್ಲಿ ತೊಳೆದು, ಕಲ್ಲಿನ ಮೇಲಿಟ್ಟು ಗುಂಡುಕಲ್ಲಿನಿಂದ ಕುಟ್ಟಿ ಸಡಿಲ ಮಾಡಿದಳು. ಮಡಕೆಯ ತಳಕ್ಕೆ ಬಾಡು, ಮೇಲೆ ಕಾಳು, ಅದರ ಮೇಲೆ ನೀರು. ಮುಚ್ಚಳವಾಗಿ ಒಂದು ಹಿತ್ತಾಳೆ ಬೋಗುಣಿ, ಅದರೊಳಗೂ ನೀರು. ಕೆಳಗಿನದು ಇಂಗಿದಾಗ ಮೇಲಿನ ಬಿಸಿನೀರನ್ನೇ ಹೊಯ್ಯುವುದು.

ನಾನು ಉಪ್ಪಿನ ಡಬ್ಬಿಗೆ ಕೈ ಹಾಕಿದೆ. ಕೈಗೆ ಒಂದು ಏಟು ಬಿತ್ತು.

"ಉಪ್ಪು ಆಕ್ಬ್ಯಾಡ ಕಣ. ಬಾಡಲ್ಲೇ ಅದ. ಈಗ್ಲೇ ಆಕುದ್ರೆ ಕಾಳು ಮುನ್ಸ್ಕಂಡು ಕಲ್ಲಾಯ್ತದ. ಮುಚ್ಚಳಾನೂ ಎತ್ಬ್ಯಾಡ. ಬಾಡೂ ಕಾಳೂ ಒಳಗೊಳಗೇ ಮಾತಾಡ್ಕಳಿ ಬುಡು. ನಮ್ಗೇನ್ ಕೆಲ್ಸ ಅಲ್ಲಿ?"

ನನ್ನ ಮೈಸೂರಿನ ಕುಕ್ಕರ್ ಆರು ವಿಷಲ್ ಹೊಡೆದು ಹದಿನೈದು ನಿಮಿಷದಲ್ಲಿ ಕೆಲಸ ಮುಗಿಸುತ್ತದೆ. ಕಾಳು ಬೆಂದಿರುತ್ತದೆ, ಬಾಡು ಬೆಂದಿರುತ್ತದೆ. ಆದರೆ ಎರಡೂ ಪರಿಚಯವಿಲ್ಲದವರ ಹಾಗೆ ಒಂದೇ ತಟ್ಟೆಯಲ್ಲಿ ಕೂತಿರುತ್ತವೆ.

ಹತ್ತು ಗಂಟೆ ಇರಬಹುದು. ಜೀಪು ಬಂತು.

ಮುಂದಿನ ಸೀಟಿನಿಂದ ಫಾರೆಸ್ಟರ್ ಇಳಿದರು. ಮೂವತ್ತು ದಾಟದ ಹುಡುಗ, ಬಯಲುಸೀಮೆಯ ಕಡೆಯವರು, ಬಂದು ಒಂದು ವರ್ಷವಾಗಿಲ್ಲ. ಹಿಂದಿನ ಸೀಟಿನಿಂದ ಮಾದೇವ ಭಾವ ಇಳಿದರು. ಖಾಕಿ ಅಂಗಿ, ಕೈಯಲ್ಲಿ ಟೋಪಿ. ತಮ್ಮ ಮನೆಯ ಜಗಲಿಯ ಮೇಲೆ ತಾವೇ ಕೂರದೆ ನಿಂತರು. ಆಗಲೇ ನನಗೆ ಏನೋ ಸರಿಯಿಲ್ಲ ಅನಿಸಿತು.

ಸಾಹೇಬರು ಫೋನ್ ತೆಗೆದು ತೋರಿಸಿದರು. ನನ್ನದೇ ಫೋಟೋ. ನನ್ನದೇ ಸಾಲು. ಕೆಳಗೆ ನಿಮ್ಮ ಕಡವೆ, ಜಿಂಕೆ, ಹಂದಿ, ಹಿಹಿಹಿ. ಪಕ್ಕದಲ್ಲಿ ನಾನು ಒತ್ತಿದ ಹೃದಯಗಳು. ಯಾರೋ ಪುಣ್ಯಾತ್ಮರು ಅದನ್ನೆಲ್ಲ ಸ್ಕ್ರೀನ್‌ಶಾಟ್ ತೆಗೆದು ದೊಡ್ಡ ಆಫೀಸಿಗೆ ಕಳಿಸಿದ್ದರು. ತಮಿಳಿನಲ್ಲಿ ನಾಲ್ಕು ಸಾಲಿನ ಪುಗಾರ್ ಸಮೇತ. (ನಮ್ಮ ಕಡೆ ದೂರಿಗೆ ಪುಗಾರ್ ಎನ್ನುತ್ತೇವೆ. ಆಫೀಸಿನ ಮಾತೆಲ್ಲ ನಮಗೆ ತಮಿಳಿನಿಂದಲೇ ಬಂದದ್ದು.) ಕಾಡು ಕಾಯುವವನೇ ಕಾಡುಪ್ರಾಣಿ ತಿನ್ನುತ್ತಿದ್ದಾನೆ, ಅವನ ಮನೆಯವರೇ ಹೆಮ್ಮೆಯಿಂದ ಹೇಳಿಕೊಂಡಿದ್ದಾರೆ, ಎಂದು.

"ಸಾರ್, ಅದು ತಮಾಷೆ. ಅದು ಆಡಿನ ಬಾಡು. ನಾನು ಪತ್ರಿಕೆಗೆ ಬರೆಯುವವಳು..." ಎಂದೆ. ಪತ್ರಿಕೆ ಎಂಬ ಮಾತು ಬಂದ ಮೇಲೆ ಅವರ ಮುಖ ಇನ್ನೂ ಬಿಗಿಯಾಯಿತು.

ಅವರು ಕೆಟ್ಟವರಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. (ತಮಿಳಿನಲ್ಲಿ ಹೇಳಿದ್ದು. ನಿಮಗಾಗಿ ಕನ್ನಡದಲ್ಲಿ ಬರೆಯುತ್ತೇನೆ.) "ಅಮ್ಮಾ, ತುಂಡು ತೆಗೆದು ಲ್ಯಾಬಿಗೆ ಕಳಿಸಬೇಕು. ಫಲಿತಾಂಶ ಬರಲು ತಿಂಗಳುಗಳಾಗಬಹುದು. ಅಲ್ಲಿಯವರೆಗೆ ಮಾದೇವನನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಹಾಗಿಲ್ಲ. ಪರ್ಮನೆಂಟ್ ಆಗಿದ್ದರೆ ಸಸ್ಪೆಂಡ್. ಇವನು ತಾತ್ಕಾಲಿಕ. ಒಂದು ಸಲ ಹೊರಗೆ ಹೋದರೆ..."

ಭಾವ ಟೋಪಿಯನ್ನು ತಿರುಗಿಸುತ್ತಾ ನೆಲ ನೋಡುತ್ತಿದ್ದರು. ಇಪ್ಪತ್ತು ವರ್ಷ. ಒಂದು ಫೋಟೋ.

ಸಾಹೇಬರು ಒಳಗೆ ಬಂದು ಅಟ್ಟ ನೋಡಿದರು. ಖಾಲಿ! ನಿನ್ನೆ ಸಂಜೆ ಫೋಟೋದಲ್ಲಿದ್ದ ಸರ ಇವತ್ತು ಬೆಳಗ್ಗೆ ಮಾಯ. ಅನುಮಾನಕ್ಕೆ ಇನ್ನೇನು ಬೇಕು?

"ಎಲ್ಲಿ ಅದು?"

"ಮಡಕೇಲಿ ಅದ ಸಾರ್," ಎಂದಳು ಅಕ್ಕ. ಅವಳು ಸಾಹೇಬರ ಹತ್ತಿರ ಅರ್ಧ ತಮಿಳು ಅರ್ಧ ನಮ್ಮ ಮಾತು ಆಡುತ್ತಾಳೆ.

"ಮುಚ್ಚಳ ತೆಗೀರಿ."

"ಆಗಲ್ಲ ಸಾರ್."

ಭಾವ ಮೊದಲ ಸಲ ತಲೆ ಎತ್ತಿದರು. ಸಾಹೇಬರ ಹುಬ್ಬು ಮೇಲೇರಿತು. "ಯಾಕಮ್ಮಾ? ಏನು ಬಚ್ಚಿಡುತ್ತಿದ್ದೀರಿ?"

"ಬಚ್ಚಿಡಾದಾಗಿದ್ರೆ ನಾನ್ ಒಲೆ ಮ್ಯಾಲೆ ಯಾಕ್ ಮಡಗ್ತಿದ್ದಿ ಸಾರ್? ಕಾಡು ಇಲ್ಲೇ ಅದ, ಬಿಸಾಕಿ ಬರ್ತಿರ್ನಿಲ್ವಾ?" ಅಕ್ಕ ಒಲೆಗೆ ಇನ್ನೊಂದು ಸೌದೆ ತಳ್ಳಿದಳು. "ಈಗ ಎತ್ತುದ್ರೆ ನಿಮ್ಗೇನ್ ಕಾಣ್ತದ? ಮಸಿ. ಆಡೂ ಕರ್ರಗೇ ಇರ್ತದ, ಜಿಂಕೆನೂ ಕರ್ರಗೇ ಇರ್ತದ. ಬೇಯ್ಲಿ. ಬೆಂದ್ಮೇಲೆ ಮಸಿ ಬುಟ್ಕಂಡು ಚರ್ಮ ಉಬ್ತದ, ಮೂಳೆ ಬೆಳ್ಳಗಾಯ್ತದ. ಆಗ ನೋಡಿ. ಲ್ಯಾಬಿಗೆ ತಿಂಗ್ಳಗಟ್ಲೆ ಕಾಯ್ತೀನಿ ಅಂತೀರಿ. ನನ್ ಮಡಕೆಗೆ ಮೂರ್ ಗಂಟೆ ಕಾಯಾಕಾಗಲ್ವಾ?"

ಸಾಹೇಬರು ನನ್ನ ಮುಖ ನೋಡಿದರು. ನಾನು ಭಾವನ ಮುಖ ನೋಡಿದೆ. ಭಾವ ಮಡಕೆ ನೋಡಿದರು.

ಬಲವಂತ ಮಾಡಬಹುದಿತ್ತು. ಅಧಿಕಾರ ಇತ್ತು, ಜೀಪು ಇತ್ತು, ಡ್ರೈವರ್ ಇದ್ದ. ಆ ಹುಡುಗ ಮಾಡಲಿಲ್ಲ. ಬೂಟು ಬಿಚ್ಚಿ ಮಣೆಯ ಮೇಲೆ ಕೂತರು. ಇಷ್ಟು ಹೊತ್ತಿನ ಕಥೆಯಲ್ಲಿ ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಅಲ್ಲಿ.

ಹಾಗೆ ಶುರುವಾಯಿತು ನಮ್ಮ ಕಾಯುವಿಕೆ.

ಮೂರು ಗಂಟೆ ಎಂದರೆ ಎಷ್ಟು ಉದ್ದ ಗೊತ್ತೇ? ಸಿಗ್ನಲ್ ಇಲ್ಲದ ಊರಿನಲ್ಲಿ, ಒಂದು ಮಡಕೆಯನ್ನು ದಿಟ್ಟಿಸುತ್ತಾ? ಅಕ್ಕ ನನಗೆ ಶಿಕ್ಷೆ ಕೊಟ್ಟಳು. "ಏಳು, ಸಂಬಾರ ಅರಿ." ಕೊತ್ತಂಬರಿ ಬೀಜ, ಒಣಮೆಣಸು, ಬೆಳ್ಳುಳ್ಳಿ, ಕಾಯಿ. ಒರಳಿನ ಮುಂದೆ ಕೂತು ಅರೆದೆ. ಮಿಕ್ಸಿಯ ಕೈ ನನ್ನದು, ಹತ್ತು ನಿಮಿಷಕ್ಕೆ ರಟ್ಟೆ ಬಿದ್ದುಹೋಯಿತು. "ಅರಿ ಅರಿ," ಎಂದಳು ಅಕ್ಕ, "ಫೋಟ ತಗಿಯಾಕಾದ್ರೆ ರಟ್ಟೆ ನೋವಿಲ್ಲ." ಬೈದದ್ದು ಅಷ್ಟೇ. ಇನ್ನೂ ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಭಾವ ಹೊಸ್ತಿಲ ಹತ್ತಿರ ಕೂತಿದ್ದರು. ನಾನು ಹತ್ತಿರ ಹೋಗಿ, "ಭಾವ, ನನ್ನಿಂದ ಹೀಗಾಯ್ತು" ಎಂದೆ.

"ಬುಡು ಕಣವ್ವ," ಎಂದರು. ಟೋಪಿಯನ್ನು ಮಂಡಿಯ ಮೇಲಿಟ್ಟು, "ಜೀಪಲ್ಲಿ ಕೂರ್ಸ್ಕ ಬಂದ್ರಲ್ಲ, ದಾರೀಲಿ ಊರವ್ರೆಲ್ಲ ನೋಡುದ್ರು. ದಿನಾನೂ ನಾನ್ ಆ ಜೀಪಲ್ಲೇ ಬತ್ತಿದ್ದಿ. ಇವತ್ತು ಯಾರೂ ಕೈ ಎತ್ತಿ ಮಾತಾಡಿಸ್ನಿಲ್ಲ."

ಒರಳಿಗೆ ವಾಪಸ್ ಬಂದೆ.

ಊರು ಸಣ್ಣದು. ಸುದ್ದಿಗೆ ಸಿಗ್ನಲ್ ಬೇಕಾಗಿಲ್ಲ. ಮೊದಲು ಬಂದವಳು ಪಕ್ಕದ ಮನೆಯ ಚಿಕ್ಕತಾಯಮ್ಮ. ಕೈಯಲ್ಲಿ ಒಂದು ಮೊರ, ಮೊರದಲ್ಲಿ ಅವಳ ಮನೆಯ ಕೊರಬಾಡಿನ ಸರ. ಸಾಹೇಬರ ಮುಂದೆ ಇಟ್ಟಳು.

"ಸಾರ್, ಅವ್ರದ್ದು ಜಿಂಕೆ ಆದ್ರೆ ನಮ್ಮದೂ ಜಿಂಕೆನೇಯ. ಒಂದೇ ಆಡು, ಏಳು ಗುಡ್ಡೆ. ನನ್ನೂ ಕರ್ಕಂಡೋಗಿ."

ಹಿಂದೆಯೇ ಇನ್ನೊಬ್ಬಳು. ಮತ್ತೊಬ್ಬಳು. ಒಬ್ಬಳ ಮನೆಯಲ್ಲಿ ಬಾಡು ಮುಗಿದಿತ್ತು, ಖಾಲಿ ದಾರವನ್ನೇ ತಂದಿದ್ದಳು. ಸಾಹೇಬರು ಆ ಖಾಲಿ ದಾರವನ್ನೂ ಹಿಡಿದು ನೋಡಿದರು. ಏಳು ಮನೆಯಲ್ಲಿ ಆರು ಮನೆಯವರು ಬಂದು ಅಂಗಳದಲ್ಲಿ ಕೂತರು. ಏಳನೆಯದು ಕೆಂಪಕ್ಕನದೇ ಮನೆ. ಯಾರೂ ಗಲಾಟೆ ಮಾಡಲಿಲ್ಲ, ಘೋಷಣೆ ಕೂಗಲಿಲ್ಲ. ಹೇನು, ಮಳೆ, ಆನೆ, ಸೊಸೆ ಎಂದು ಮಾತಾಡಿಕೊಂಡು ಕೂತರು. ಎದ್ದು ಮಾತ್ರ ಹೋಗಲಿಲ್ಲ.

ನಮ್ಮ ಅಪಾರ್ಟ್‌ಮೆಂಟಿಗೆ ಪೊಲೀಸ್ ಜೀಪು ಬಂದರೆ ನಾವು ಏನು ಮಾಡುತ್ತೇವೆ? ಬಾಗಿಲ ಕಣ್ಣಿನಿಂದ ನೋಡುತ್ತೇವೆ. ಗ್ರೂಪಿನಲ್ಲಿ "ಯಾರ ಮನೆಗೆ?" ಎಂದು ಕೇಳುತ್ತೇವೆ.

ಹನ್ನೆರಡು ಗಂಟೆಯ ಹೊತ್ತಿಗೆ ವಾಸನೆ ಎದ್ದಿತು. ಹೊಗೆ ಕುಡಿದ ಬಾಡು ನೀರಿಗೆ ಬಿಟ್ಟುಕೊಂಡು, ಅವರೆಯ ಸೊಗಡಿನ ಜೊತೆ ಸೇರಿ ಮೇಲೆ ಬರುವ ವಾಸನೆ ಇದೆಯಲ್ಲ, ಅದನ್ನು ಬರೆಯಲು ಹೋದರೆ ನನ್ನ ಸಂಪಾದಕರು ಅರ್ಧ ಪುಟ ಕತ್ತರಿಸುತ್ತಾರೆ. ಬಾಗಿಲಲ್ಲಿದ್ದ ಡ್ರೈವರ್ ಎರಡು ಸಲ ಉಗುಳು ನುಂಗಿದ್ದನ್ನು ನಾನು ನೋಡಿದೆ. ಸಾಹೇಬರು ನುಂಗಲಿಲ್ಲ. ಅಧಿಕಾರಿಗಳಲ್ಲವೇ, ಕೆಮ್ಮಿದರು.

ಒಂದೇ ಸಲ ಅಕ್ಕ ಬೋಗುಣಿ ಎತ್ತಿ ಬಿಸಿನೀರು ಹೊಯ್ದು, ನಾನು ಅರೆದ ಸಂಬಾರ ಹಾಕಿ ಮುಚ್ಚಿದಳು. ಸಾಹೇಬರು ಕತ್ತು ಉದ್ದ ಮಾಡಿದರು. "ಇನ್ನೂ ಇಲ್ಲ" ಎಂದಳು.

ಒಂದು ಗಂಟೆ ದಾಟಿದ ಮೇಲೆ ಸೌಟಿನಲ್ಲಿ ಒಂದು ಕಾಳು ತೆಗೆದು, ಬೆರಳಲ್ಲಿ ಹಿಸುಕಿ, ತಾನೇ ತಲೆಯಾಡಿಸಿ, ಮಡಕೆ ಇಳಿಸಿದಳು. ತಟ್ಟೆಗೆ ಮೂರು ತುಂಡು ಹಾಕಿ ಸಾಹೇಬರ ಮುಂದೆ ಇಟ್ಟಳು.

ಅವಳು ಹೇಳಿದ ಹಾಗೆಯೇ ಆಗಿತ್ತು. ಮಸಿ ಎಲ್ಲ ಸಾರಿಗೆ ಬಿಟ್ಟುಕೊಂಡು ತುಂಡುಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಒಂದರ ಮೇಲೆ ದಪ್ಪ ಚರ್ಮ ಉಬ್ಬಿ ನಿಂತಿತ್ತು. ಸಾಹೇಬರು ಆ ತುಂಡನ್ನು ಎತ್ತಿ ಬೆಳಕಿಗೆ ಹಿಡಿದರು. ತಿರುಗಿಸಿದರು. ಮೂಸಿದರು. ಆಮೇಲೆ ಬಾಗಿಲ ಕಡೆ ತಿರುಗಿ ಕೇಳಿಯೇಬಿಟ್ಟರು:

"ಮಾದೇವಾ, ಇದು ಯಾವುದರದು?"

ಅಂಗಳದ ತಲೆಗಳೆಲ್ಲ ಭಾವನ ಕಡೆ ತಿರುಗಿದವು.

ಅಭ್ಯಾಸ ನೋಡಿ. ಕಾಡಿನಲ್ಲಿ ಒಂದು ಕೂದಲು ಸಿಕ್ಕಲಿ, ಒಂದು ಹೆಜ್ಜೆ ಕಾಣಲಿ, ಅರ್ಧ ತಿಂದು ಬಿಟ್ಟ ಮೂಳೆ ಬಿದ್ದಿರಲಿ, ಆ ಹುಡುಗ ದಿನಾ ಕೇಳುತ್ತಿದ್ದದ್ದು ಒಬ್ಬರನ್ನೇ. ಒಂದು ವರ್ಷದಿಂದ ಕಾಡನ್ನು ಅವರ ಕಣ್ಣಿನಿಂದಲೇ ಕಲಿಯುತ್ತಿದ್ದರು. ಅವತ್ತು ಆ ಒಬ್ಬರನ್ನೇ ಕೇಳುವ ಹಾಗಿರಲಿಲ್ಲ. ಅದನ್ನು ಅವರು ಮರೆತಿದ್ದರು.

ಭಾವ ಎದ್ದು ನಿಂತರು. "ನನ್ನ ಕೇಳ್ಬ್ಯಾಡಿ ಸಾರ್," ಎಂದರು. "ಇವತ್ತು ನಾನ್ ಉತ್ರ ಏಳಂಗಿಲ್ಲ. ನಿಮ್ ಕಾಗ್ದುದ್ ಪ್ರಕಾರ ನಾನೇ ಕಳ್ಳ."

ಸಾಹೇಬರು ತಟ್ಟೆ ಕೆಳಗಿಟ್ಟರು. ಕಿವಿ ಕೆಂಪಾಗಿತ್ತು.

ಉತ್ತರ ಕೊಟ್ಟವಳು ಅಕ್ಕ. "ಅವ್ರನ್ನ ಬುಡಿ ಸಾರ್, ನಾನ್ ಏಳ್ತೀನಿ. ಆ ಚರ್ಮ ನೋಡಿ. ಸುಟ್ಟಿರೋ ಚರ್ಮ. ಕದ್ದ ಬಾಡು ಆಗಿದ್ರೆ ಚರ್ಮ ಸುಲ್ದು ಊತಾಕ್ತರೆ. ಊರ್ ಮುಂದ್ಗಡೆ ಉಲ್ಲಾಕಿ ಬೆಂಕಿ ಮಾಡಿ ಸುಡ್ತರಾ? ಆ ವಾಸ್ನ ಮುಂದ್ಲೂರ್‌ಗಂಟ ವೋಯ್ತದ. ಕಳ್ರು ಅಷ್ಟೊಂದ್ ದಡ್ರಾ ಸಾರ್?"

ಸಾಹೇಬರು ಚಿಕ್ಕತಾಯಮ್ಮನ ಮೊರದ ಸರವನ್ನು ಎತ್ತಿ, ಮಸಿ ಉಜ್ಜಿ ನೋಡಿದರು. ಅಲ್ಲೂ ಸುಟ್ಟ ಚರ್ಮ. ಇನ್ನೊಂದು ಸರ. ಅಲ್ಲೂ ಅದೇ. ಸರಗಳನ್ನು ವಾಪಸ್ ಮೊರಕ್ಕಿಟ್ಟು, ಚೀಲದಿಂದ ಕಾಗದ ತೆಗೆದರು. ನನ್ನ ಕಡೆ ನೀಡಿದರು. "ಫೋಟೋ ನಿಮ್ಮದು, ಮಾತು ತಮಾಷೆಯದು ಅಂತ ಬರೆದುಕೊಡಿ. ಇವರೆಲ್ಲ ಸೈನ್ ಹಾಕಲಿ. ನಾನು ಇಲ್ಲಿಗೆ ಮುಗಿಸುತ್ತೇನೆ. ಮಾದೇವ ನಾಳೆ ಡ್ಯೂಟಿಗೆ ಬರಲಿ."

ಅಂಗಳದಲ್ಲಿ ಯಾರೋ ಉಸಿರು ಬಿಟ್ಟರು. ಬಹುಶಃ ನಾನೇ.

ವಾರ ವಾರ ನಿಮಗೆ ಇಷ್ಟುದ್ದ ಬರೆಯುವ ನನಗೆ ಆ ನಾಲ್ಕು ಸಾಲು ಬರೆಯಲು ಬರಲಿಲ್ಲ. ತಮಿಳು ಮಾತಾಡುತ್ತೇನೆ, ಬರೆಯಲು ಬರುವುದಿಲ್ಲ. ಕೊನೆಗೆ ಬರೆದವರು ಯಾರು ಗೊತ್ತೇ? ಮಾದೇವ ಭಾವ. ತಾವು ಕಳ್ಳರಲ್ಲ ಎಂಬ ಕಾಗದವನ್ನು ತಾವೇ ಮಂಡಿಯ ಮೇಲಿಟ್ಟುಕೊಂಡು, ಗುಂಡಗಿನ ಅಕ್ಷರದಲ್ಲಿ, ನನ್ನ ಪರವಾಗಿ ಬರೆದರು. ನಾನು ಕನ್ನಡದಲ್ಲಿ ಸಹಿ ಹಾಕಿದೆ. ಇಬ್ಬರು ಹೆಬ್ಬೆಟ್ಟು ಒತ್ತಿದರು. ಖಾಲಿ ದಾರದವಳೂ ಸಹಿ ಹಾಕಿದಳು.

ಸಾಹೇಬರು ಬೂಟಿಗೆ ಕೈ ಹಾಕಿದರು. ಅಕ್ಕ ತಡೆದಳು.

"ಉಂಡ್ಬುಟ್ಟು ಓಗಿ ಸಾರ್."

"ಬೇಡಮ್ಮಾ, ಡ್ಯೂಟಿ."

"ಕಾಗ್ದುದಲ್ಲಿ ಆಡು ಅಂತ ಬರ್ಸ್ಕಂಡ್ರಿ. ಉಣ್ಣುದೆ ಓದ್ರೆ ಅನ್ಮಾನ ಇನ್ನೂ ಅದ ಅಂತಾನೆ ಅರ್ಥ. ಕಾಗ್ದ ನಿಮ್ ಆಫೀಸ್‌ಗೆ ಆಯ್ತು. ಊರ್ಗೆ ಏನ್ ಮಾಡ್ತೀರಿ? ನೀವು ಉಂಡ್ರೆ ಊರು ನಂಬ್ತದ."

ಆ ಹುಡುಗ ಅವಳನ್ನೇ ನೋಡಿದರು. ಬೂಟು ಬಿಟ್ಟರು. ಒಳಗಲ್ಲ, ಜಗಲಿಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಕೂತರು. ಅದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಕ್ಕ ರಾಗಿಹಿಟ್ಟು (ನಮ್ಮ ಕಡೆ ಮುದ್ದೆಗೆ ಹಿಟ್ಟು ಎನ್ನುತ್ತೇವೆ) ಬಡಿಸಿ, ಮೇಲೆ ಸಾರು ಹೊಯ್ದಳು. ಒಂದು ತುತ್ತು, ಎರಡು ತುತ್ತು. ಮೂಳೆ ಚೀಪಿದರು. ಇನ್ನೊಂದು ಸೌಟು ಕೇಳಿ ಹಾಕಿಸಿಕೊಂಡರು. ಡ್ರೈವರ್ ಕಥೆ ಹೇಳುವುದೇ ಬೇಡ.

ಅಂಗಳದಲ್ಲಿ ಕೂತಿದ್ದವರು ಒಬ್ಬೊಬ್ಬರೇ ಎದ್ದು ಸೆರಗು ಕೊಡವಿ ಮನೆಗೆ ಹೋದರು. ತೀರ್ಪು ಬಂದಿತ್ತು.

ನನಗೂ ಬಡಿಸಿದಳು. ವರ್ಷವಿಡೀ ಕಾದ ಸಾರು. ಕಾಳು ಬೆಣ್ಣೆಯಾಗಿತ್ತು, ಬಾಡು ನೂಲಾಗಿ ಬಿಡುತ್ತಿತ್ತು, ಉಪ್ಪು ಎಷ್ಟು ಬೇಕೋ ಅಷ್ಟೇ. ಅಕ್ಕ ಎದುರು ಕೂತು ಕೇಳಿದಳು: "ಯಾಕ, ಫೋಟ ತಗಿಯಲ್ವಾ?"

ತಲೆ ಬಗ್ಗಿಸಿ ಇನ್ನೊಂದು ತುತ್ತು ಮುರಿದೆ.

ಭಾವ ಅವತ್ತು ಉಣ್ಣಲಿಲ್ಲ. "ಹಸಿವಿಲ್ಲ" ಎಂದರು. ಸೋಮವಾರ ಡ್ಯೂಟಿ ಮುಗಿಸಿ ಬಂದು, ಮಡಕೆಯ ತಳದಲ್ಲಿ ಉಳಿದದ್ದನ್ನು ಬಿಸಿ ಮಾಡಿಸಿಕೊಂಡು ಉಂಡರಂತೆ. ಆ ಹೊತ್ತಿಗೆ ನಾನು ಮೈಸೂರಿಗೆ ಬಂದಿದ್ದೆ.

ಊರು ಬಿಡುವ ಮೊದಲು ಮತ್ತೆ ದಿಬ್ಬ ಹತ್ತಿ ಆ ಪೋಸ್ಟ್ ಅಳಿಸಿದೆ. ಅಳಿಸಿದರೆ ಏನು ಬಂತು? ಹೋದದ್ದು ಹೋಯಿತು. ಇನ್ನೂ ಯಾವ ಯಾವ ಗ್ರೂಪಿನಲ್ಲಿ ನಗುವ ಮುಖಗಳ ಜೊತೆ ಸುತ್ತುತ್ತಿದೆಯೋ.

ಮೊನ್ನೆ ಅಕ್ಕ ದಿಬ್ಬದ ಮೇಲಿಂದ ಫೋನ್ ಮಾಡಿದ್ದಳು. ಮಾತಿನ ನಡುವೆ ಸುಮ್ಮನೆ ಹೇಳಿದಳು: ಮುಂದಿನ ಹಬ್ಬದ ಬಾಡನ್ನು ಅಟ್ಟಕ್ಕೆ ಕಟ್ಟುವುದಿಲ್ಲವಂತೆ. ಡಬ್ಬಿಯಲ್ಲಿ ಹಾಕಿ ಒಳಕೋಣೆಯಲ್ಲಿ ಇಡುತ್ತಾಳಂತೆ. "ಹೊಗೆ ಇಲ್ಲದಿದ್ದರೆ ಕೆಟ್ಟುಹೋಗಲ್ವಾ ಅಕ್ಕ?" ಎಂದೆ. "ಕೆಟ್ಟೋಗ್ಲಿ ಬುಡು," ಎಂದಳು. "ನಿಮ್ ಭಾವ ಒಲೆ ಮುಂದ್ಕೆ ಬಂದಾಗೆಲ್ಲ ಮ್ಯಾಕೆ ನೋಡ್ತರೆ ಕಣ. ಅಲ್ಲಿ ಏನೂ ಇಲ್ದೆ ಇದ್ರೂವೆ."

ಏನೂ ತಪ್ಪು ಮಾಡದವರು ತಮ್ಮ ಒಲೆಯ ಮುಂದೆ ತಲೆ ಎತ್ತಿ ನೋಡಿಕೊಳ್ಳುವ ಹಾಗೆ ಮಾಡಿದ್ದು ನಾನು. ನಾನು 'ಹತ್ತಿರ ಬಂದಿರಿ' ಎಂದು ಉತ್ತರ ಕೊಟ್ಟಿದ್ದ ಓದುಗರು ನಿನ್ನೆ ಸಿಕ್ಕಿ ಕೇಳಿದರು: "ಮೇಡಂ, ಪೋಸ್ಟೇ ಕಾಣ್ತಿಲ್ಲ. ಕೊನೆಗೂ ಅದು ಏನಾಗಿತ್ತು, ಹೇಳಲೇ ಇಲ್ಲ?"

ಆಡು ಸ್ವಾಮಿ, ಆಡು. ಏಳು ಮನೆಯ ಪಾಲಿನ ಆಡು. ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲ? ಈಗ ನನ್ನದೊಂದು ಪ್ರಶ್ನೆ: ನಿಮ್ಮ ಮನೆಯ ಕುಕ್ಕರಿನ ಮುಚ್ಚಳ ತೆಗೆಸಿ ನೋಡಲು ಇದುವರೆಗೆ ಯಾರಾದರೂ ಜೀಪಿನಲ್ಲಿ ಬಂದಿದ್ದಾರಾ?